ಹೊಳೆಯಾಚೆಯ ಹನ್ನೊಂದು ಮನೆ

ನಾರಾವಿ, ಬುಧವಾರ
ಸಂಜೆ ಐದೂವರೆ

ಪ್ರೀತಿಯ ಅಕ್ಕಾ,

ಇಡೀ ದಿನ ಮಲೇರಿಯಾ ಕ್ಯಾಂಪಿನ ಪಟ್ಟಿ ನಕಲು ಮಾಡಿದೆ. ಯಾವ ಮನೆಗಳಲ್ಲಿ ರಕ್ತ ಪರೀಕ್ಷಿಸಬೇಕೆಂದು ಗಣಿತದ ಮಾಸ್ಟ್ರು ತಿರುಮಲೇಶ್ವರ ಭಟ್ಟರು ಚೀಟಿ ಎತ್ತಿ ಆರಿಸಿದ್ದರು. ನಮ್ಮ ಆಸ್ಪತ್ರೆಯ ಡಾಕ್ಟರು ಅದರಲ್ಲಿ ಹೊಳೆಯಾಚೆಯ ಹನ್ನೊಂದು ಮನೆ ಬಿಟ್ಟು, ಬಸ್ಸಿನ ರಸ್ತೆಯ ಬದಿಯ ಹನ್ನೊಂದು ಮನೆ ಸೇರಿಸಿದ್ದಾರೆ. ಈಗ ಊರಲ್ಲಿ ಜ್ವರವಿಲ್ಲ, ಔಷಧಿ ನಿಲ್ಲಿಸಬಹುದು ಎಂದು ವರದಿಯಂತೆ!

“ಹನ್ನೊಂದು ಹೋಯ್ತು, ಹನ್ನೊಂದು ಬಂತು. ಲೆಕ್ಕ ಸರಿ ಉಂಟಲ್ಲ ಮಾರಾಯ್ರೆ,” ಎಂದು ಡಾಕ್ಟರು ನಗುತ್ತಾರೆ.

“ನೀವು ನೋಡಿದ್ದು ಜ್ವರ ಅಲ್ಲ ಡಾಕ್ಟ್ರೆ, ರಸ್ತೆ,” ಎಂದರು ಭಟ್ಟರು.

ಕಾಂತಿ ಜ್ವರ ಬಂದು ನನ್ನನ್ನೂ ಮಗುವನ್ನೂ ಬಿಟ್ಟು ತೀರಿಹೋದದ್ದು ಶಿರ್ತಾಡಿಯ ಅವಳ ತವರಿನಲ್ಲಿ, ರಸ್ತೆಯಿಲ್ಲದ ಮನೆಯಲ್ಲಿ. ಅವಳ ರಕ್ತವನ್ನೂ ಯಾರೂ ನೋಡಲಿಲ್ಲ. ಈ ವರದಿ ನಾನು ಬರೆಯುವುದಿಲ್ಲ ಎಂದು ಪೆನ್ನು ಕೆಳಗಿಟ್ಟೆ.

“ಹಾಗಾದ್ರೆ ನೀವೇ ಹೊಳೆ ದಾಟಿ ನೋಡಿ,” ಎಂದು ಡಾಕ್ಟರು ಗದರಿದರು.

ನನಗೆ ಕೆಮ್ಮು ಬಿಟ್ಟರೆ ಆರೋಗ್ಯ ಸರಿ ಉಂಟು. ಮಗುವಿಗೆ ಸೊಳ್ಳೆಪರದೆ ಕಟ್ಟಲು ಮರೆಯಬೇಡ. ಕಾರ್ಡಿನಲ್ಲಿ ಜಾಗ ಮುಗಿಯಿತು. ನಾಳೆ ಬೆಳಿಗ್ಗೆ ಏಳಕ್ಕೆ ಭಟ್ಟರೂ ನಾನೂ ರಕ್ತ ತೆಗೆಯಲು ಕಂಪೌಂಡರನ್ನು ಕರೆದುಕೊಂಡು ಹೊಳೆ ದಾಟುತ್ತೇವೆ.

ನಿನ್ನ ತಮ್ಮ,
ಸುಧಾಕರ