ಉಲಿಯಕ್ಕಿಯ ಗೂಡಿನಲ್ಲಿ ಕಂಬಳಿ

ಕಾವ್ಯಶ್ರೀಯ ಅಪ್ಪನವರಿಗೆ,

ಇವತ್ತು ಪೂಜೆಗೆ ದಾಸವಾಳ ಕೀಳಲು ಹೋದಾಗ ಗಿಡದೊಳಗಿಂದ ಪುಟ್ಟ ಹಕ್ಕಿಯೊಂದು ಹಾರಿತು. ಟುವ್ವಿಯೋ ಉಲಿಯಕ್ಕಿಯೋ ತಿಳಿಯಲಿಲ್ಲ. "ಕಣ್ಣು ನಂಬಬ್ಯಾಡ ಕಣೇ, ಹಾರುವಾಗ ಚಿಟಿಕೆ ಹೊಡ್ದಂಗೆ ಟಕ್ ಟಕ್ ಅಂದ್ರೆ ಅದು ಉಲಿಯಕ್ಕಿ" ಎನ್ನುತ್ತಿದ್ದಿರಲ್ಲ, ಹಾಗೇ ಅಂದಿತು.

ಎಲೆ ಸೇರಿಸಿ ಹೊಲಿದ ಗೂಡು. ಇಟ್ಟಿಗೆ ಬಣ್ಣದ ಮೊಟ್ಟೆಗಳ ಕೆಳಗೆ ಕರಿ ಉಣ್ಣೆ, ಅದರಲ್ಲೊಂದು ಕೆಂಪು ದಾರ. ಜಾಲಿಗೆ ಸಿಕ್ಕು ಹರಿದಿದ್ದ ನಿಮ್ಮ ಕಂಬಳಿಗೆ ನಾನು ಹಾಕಿದ ಹೊಲಿಗೆ ಅದು. ಸತ್ತವರದ್ದು ಮನೆಯಲ್ಲಿರಬಾರದೆಂದು ಹಿರಿಯರು ಕಂಬಳಿಯನ್ನು ಬೇಲಿಯಾಚೆ ಹಾಕಿಸಿದ್ದರು.

"ಹೂವೆಲ್ಲವ್ವಾ?" ಎಂದಳು ಮಗಳು.

"ಇವತ್ತು ದೇವ್ರಿಗೆ ಪತ್ರೆ ಸಾಕು ಬಿಡು" ಎಂದೆ.

ಮರಿಗಳು ಹಾರಿಹೋದ ಮೇಲೆ ಗೂಡನ್ನು ತಂದು ದೇವರ ಪಟದ ಹಿಂದೆ ಇಟ್ಟುಕೊಳ್ಳುತ್ತೇನೆ. ಯಾರಾದರೂ ಕೇಳಿದರೆ, ಹಕ್ಕಿಯದು ಎನ್ನುತ್ತೇನೆ.

ನಿಮ್ಮ ಏಕಾಂತಮ್ಮ