ಗುಂಯ್‌ಗುಡುವ ಪೆಟ್ಟಿಗೆ

೩-೮-೧೯೪೯, ಸಂಜೆ

ರೆಕಾರ್ಡಿನ ದನಿ ದೊಡ್ಡದು ಮಾಡುವ ಪೆಟ್ಟಿಗೆಯ ಕಂಡೆನ್ಸರ್ ಬದಲಾಯಿಸಿದೆ. ಗುಂಯ್ ಹೋಗಲಿಲ್ಲ. ರೆಕಾರ್ಡಿನ ಮೇಲೆ ಸೂಜಿ ಇಡುವ ಮೊದಲೇ ಸ್ಪೀಕರ್ ತುಂಬ ಅದೇ. ವಾಲ್ವು ಬಿಸಿಯಾದಂತೆ ಏರುತ್ತದೆ. ಪಟಾಲಮ್ಮಿನಲ್ಲಿ ಎಷ್ಟು ವಯರ್‌ಲೆಸ್ ಸೆಟ್ಟು ಬಿಚ್ಚಿದ್ದೆ... ಅವೆಲ್ಲ ಬ್ಯಾಟರಿಯವು. ಊರಿನ ಈ ಹೊಸ ಕರೆಂಟಿನ ಬುದ್ಧಿಯೇ ಬೇರೆ.

ಜಲಜಕ್ಕ ಮೀನು ಕೊಯ್ದ ಕೈ ತೊಳೆದು ಬಂದು ಕೂತಳು. "ಆಯ್ತಾ ತಮ್ಮ?"

ಎಡಗಿವಿಗೆ ಬಾಯಿಟ್ಟು ಕೂಗಿದೆ — "ಇಲ್ಲೆ. ತಡಿ."

೯-೮

ವಾಲ್ವಿನ ವಯರು ಹೆಣೆದು ಮೂಲೆಗೆ ಒತ್ತಿದೆ. ಸ್ವಲ್ಪ ಕಡಿಮೆ. ಸಾಲದು.

ವಿಷಮಜ್ವರದಲ್ಲಿ ಅಕ್ಕನ ಬಲಗಿವಿ ಹೋಯಿತು, ಎಡದ್ದು ಅರ್ಧ ಉಳಿಯಿತು. ಅದಕ್ಕೆ ಮೊದಲು ಒಂದು ನಾಟಕದ ಹಾಡನ್ನು ಈ ರೆಕಾರ್ಡ್ ಕೇಳಿಯೇ ಕಲಿತವಳು. ಬಲೆ ಹೆಣೆಯುತ್ತ ಹಾಡಿದರೆ ಪಕ್ಕದ ಮನೆಯವರು ಕೆಲಸ ಬಿಡುತ್ತಿದ್ದರು. ಈಗ ಗ್ರಾಮೊಫೋನಿನ ಕಹಳೆಯೊಳಗೆ ತಲೆ ಇಟ್ಟರೂ ಸರಿಯಾಗಿ ಕೇಳದು. ಅವಳಿಗೆ ಕೇಳಲಿ ಎಂದೇ ಈ ಪೆಟ್ಟಿಗೆ. ಕೇಳುವುದಾದರೆ ಶುದ್ಧವಾಗಿ ಕೇಳಲಿ.

೧೪-೮

ಇವತ್ತು ಹೀಗಾಯಿತು. ನಾನು ಒಳಗೆ ಇಕ್ಕಳ ಹುಡುಕುತ್ತಿದ್ದೆ. ಹೊರಗೆ ಬಂದು ನೋಡಿದರೆ ಅಕ್ಕ ಸ್ಪೀಕರಿಗೆ ಎಡಗಿವಿ ಒತ್ತಿ ಕೂತಿದ್ದಾಳೆ. ಮುಖ ಅರಳಿದೆ.

"ಕೇಂತಿತ್ತ್ ಕಾಣ್! ಹಾಡಾ ಇದ್?"

ಕೇಳುತ್ತಿದ್ದದ್ದು ಬರೀ ಗುಂಯ್. ನಾಚಿಕೆಯಾಯಿತು. ಪ್ಲಗ್ ಕಿತ್ತೆ. "ಅದ್ ಹಾಡಲ್ಲ, ಸರಿ ಆಯ್ಲಿ, ತಡಿ!" ಕೂಗಿದ್ದು ಕೇಳಲೆಂದೋ, ಸಿಟ್ಟಿಗೋ... ಅವಳು ಎದ್ದು ಹೋದಳು.

ಟೈಲರ್ ಕೃಷ್ಣಯ್ಯ ಬಾಗಿಲಲ್ಲೇ ನಿಂತಿದ್ದ. "ಹ್ವಾಯ್, ಗುಂಯ್ ಇದ್ರೆ ಇರ್ಲಿ ಮಾರಾಯಾ. ಹಾಡ್ ಹಾಕ್. ಅವ್ಳ್ ಎಂತ ಪರೀಕ್ಷೆ ಮಾಡುಕೆ ಬತ್ತಾಳಾ?"

ಅರೆಬರೆ ಕೆಲಸ ನನ್ನ ಕೈಯಿಂದ ಆಗದು ಎಂದೆ.

೬-೯

ಚೌತಿ ಕಳೆಯಿತು. ಟ್ರಾನ್ಸ್‌ಫಾರ್ಮರ್ ದೂರ ಇಟ್ಟೆ, ತಗಡಿನ ಮುಚ್ಚಳ ಮಾಡಿದೆ. ಅಕ್ಕ ಈಗ ಕೇಳುವುದೇ ಇಲ್ಲ, ಆಯ್ತಾ ಎಂದು. ಒಳ್ಳೆಯದೇ, ಗಡಿಬಿಡಿ ಇಲ್ಲ — ಹಾಗೆಂದುಕೊಂಡೆ.

೨-೧೦

ಮಂಗಳೂರಿನಿಂದ ಬಂದೆ. ಬ್ರಹ್ಮಾವರದಲ್ಲಿ ಬಸ್ಸು ಕೆಟ್ಟು ಮಧ್ಯಾಹ್ನವೆಲ್ಲ ಅಲ್ಲೇ. ಹೊಸ ವಾಲ್ವು ತಂದೆ. ಹಾಕಿದೆ. ಅದೇ ಗುಂಯ್.

೫-೧೦, ಸಂಜೆ

ಸಿಕ್ಕಿತು! ಸೂಜಿ ಕೂರುವ ಪಿಕಪ್ಪಿನ ವಯರಿಗೆ ಸುತ್ತಿದ ತಂತಿಬಲೆ ಎರಡು ಕಡೆ ಅರ್ಥ್ ತಂತಿಗೆ ತಾಗಿತ್ತು. ಒಂದು ಕಡೆ ಕತ್ತರಿಸಿದೆ. ಗುಂಯ್ ನಿಂತಿತು. ವಾಲ್ವು ಉರಿಯುತ್ತಿದೆಯೋ ಎಂದು ಬಗ್ಗಿ ನೋಡಬೇಕಾಯಿತು, ಅಷ್ಟು ಮೌನ.

ಕೃಷ್ಣಯ್ಯನನ್ನು ಕರೆದೆ. ಅಕ್ಕನನ್ನು ಎದುರು ಕೂರಿಸಿ ಸೂಜಿ ಇಟ್ಟೆ. ಗಾಯಕಿ ಉಸಿರೆಳೆದದ್ದೂ ಕೇಳುತ್ತದೆ. ಕೃಷ್ಣಯ್ಯ ಕಣ್ಣು ಮುಚ್ಚಿದ. ಅಕ್ಕ ನನ್ನನ್ನೇ ನೋಡುತ್ತಿದ್ದಳು.

"ಶುರು ಮಾಡ್ಲಿಲ್ಯಾ?"

ದನಿಯ ಗುಂಡಿ ಪೂರ್ತಿ ತಿರುಗಿಸಿದೆ. ರಸ್ತೆಯವರು ನಿಂತು ನೋಡಿದರು. ಅವಳು ಸ್ಪೀಕರಿಗೆ ಕಿವಿ ಒತ್ತಿದಳು. ತಲೆ ಅಲ್ಲಾಡಿಸಿದಳು.

ಒಳಗಿಂದ ಹಳೆಯ ಸ್ಲೇಟು ತಂದು ಬರೆದೆ — ಯಾವಾಗಿಂದ?

"ಚೌತಿ ಹೊತ್ತಿಗೇ ಪೂರಾ ಹೋಯ್ತ್."

ಮತ್ತೆ ಬರೆದೆ — ಹೇಳಲಿಲ್ಲ ಯಾಕೆ?

"ನೀ ತಡಿ ಅಂದ್ಯಲ್ದಾ. ತಡ್ದೆ." ಆಮೇಲೆ, ನನ್ನ ಮುಖ ನೋಡಿ — "ನೀ ಅಷ್ಟ್ ಕಷ್ಟ ಪಡು ಹೊತ್ತಿಗೆ ಹೆಂಗ್ ಹೇಳುದ್?"

೧೧-೧೦

ಆಸ್ಪತ್ರೆಗೆ ಕರೆದುಕೊಂಡು ಹೋದೆ. ನರ ಸತ್ತಿದೆಯಂತೆ. ಡಾಕ್ಟರು ನನ್ನ ಹತ್ತಿರ ಹೇಳಿದರು. ಹೊರಗೆ ಬಂದ ಮೇಲೆ ಏನಂದರು ಎಂದು ಅವಳು ಕೇಳಲೇ ಇಲ್ಲ.

ಆಗಸ್ಟಿನಲ್ಲೇ ರೆಕಾರ್ಡ್ ಹಾಕಿದ್ದರೆ... ಗುಂಯ್‌ನ ನಡುವೆ ಒಂದು ಸಾಲಾದರೂ ಕೇಳುತ್ತಿತ್ತು. ಯಾರ ಕಿವಿಗೆ ಶುದ್ಧ ಮಾಡಿದೆ ನಾನು?

೩೦-೧೦

ಪೆಟ್ಟಿಗೆ ಮುಟ್ಟಿಲ್ಲ.

ಇವತ್ತು ಅಕ್ಕನೇ ರೆಕಾರ್ಡ್ ತಂದು ಕೈಗಿಟ್ಟಳು. "ಹಾಕ್. ನೀನಾದ್ರೂ ಕೇಣ್." ಹಾಕಿದೆ. ಹಾಡಿನ ಜೊತೆ ಅಲ್ಲಾಡುವ ನನ್ನ ತುಟಿ ನೋಡುತ್ತ ಕೂತಳು. ಎಲ್ಲಿಗೆ ಬಂತು ಎಂದು ಕೈಸನ್ನೆಯಲ್ಲಿ ಕೇಳಿದಳು. ಪಲ್ಲವಿ ಎಂದು ಬರೆದೆ.

ಹಾಡತೊಡಗಿದಳು. ಎರಡು ಸಾಲು ಹಾಡಿದಳು. ಶ್ರುತಿ ಎಲ್ಲೋ ಜಾರಿತ್ತು. ಅವಳಿಗೆ ಗೊತ್ತಾಗಲಿಲ್ಲ.

"ಸರಿ ಇತ್ತಾ ತಮ್ಮ?"

ಸೀಮೆಸುಣ್ಣ ಕೈಯಲ್ಲೇ ಇತ್ತು. ನಾನು ಸ್ಲೇಟಿನಲ್ಲಿ ಬರೆದೆ — ಸರಿ ಇತ್ತು.