ತೋಫು ಮಾಡುವವನ ಸಾಮಾಜಿಕ ಸ್ಥಾನಮಾನ

ಮಾನ್ಯ ಪ್ರವೇಶಾಧಿಕಾರಿಗಳೇ,

ತನ್ನ ಅಪ್ಪ ಯಾರು, ಅವನು ಏನು ಕೆಲಸ ಮಾಡುತ್ತಾನೆ ಎಂಬುದು ಅರ್ಜಿಯಲ್ಲಿ ಎಲ್ಲಿಯೂ ಸುಳಿಯಕೂಡದೆಂದು ನಿಮ್ಮ ವಿಜ್ಞಾನ ಪ್ರೌಢಶಾಲೆ ನನ್ನ ಮಗಳಿಗೆ ಅಪ್ಪಣೆ ಮಾಡಿತು. ಅವಳು ಅಪ್ಪಣೆಯನ್ನು ಚಾಚೂ ತಪ್ಪದೆ ಪಾಲಿಸಿದಳು. ಪಾಲಿಸಿದ್ದಕ್ಕೇ ಅವಳು ಏನನ್ನೋ ಮುಚ್ಚಿಡುತ್ತಿದ್ದಾಳೆಂದು ನೀವು ಅವಳನ್ನು ಎರಡನೇ ಹಂತದ ಸಂದರ್ಶನದಿಂದ ತಡೆಹಿಡಿದಿದ್ದೀರಿ. ಆಕ್ಷೇಪಣೆಗೆ ಹತ್ತು ದಿನ ಕೊಟ್ಟಿದ್ದೀರಿ. ಅದರಲ್ಲಿ ನಾಲ್ಕು ದಿನ ನಾನು ಹೆದರಿಕೊಂಡು ಕಳೆದೆ, ಎರಡು ದಿನ ನಿಮ್ಮ ಕಚೇರಿಗೆ ಫೋನ್ ಮಾಡಿಕೊಂಡು ಕಳೆದೆ. ಏಳನೆಯ ದಿನ ಈ ಪತ್ರಿಕೆಯ ಮೂಲಕ ನಿಮ್ಮ ಮುಂದೆ ನಿಂತಿದ್ದೇನೆ.

ನಾನು ಪೂರ್ವ ಕಡಲ ತೀರದ ಒಂದು ಪುಟ್ಟ ಊರಿನ ಸಂತೆಯಲ್ಲಿ ಸೋಯಾಕಾಳು ಬೀಸಿ, ಅದರ ಹಾಲು ಹೆಪ್ಪುಗಟ್ಟಿಸಿ, ತೋಫು ಮಾಡಿ ಮಾರುವವನು. ನೋಡಿ, ಬರೆದೇಬಿಟ್ಟೆ. ಈ ವಾಕ್ಯಕ್ಕೆ ಎಷ್ಟು ಅಂಕ ಕಡಿತವೋ ಏನೋ. 'ತಂದೆ ತಾಯಿಯ ಸಾಮಾಜಿಕ, ಆರ್ಥಿಕ ಸ್ಥಾನಮಾನವನ್ನು ನೇರವಾಗಿಯಾಗಲಿ ಸೂಚ್ಯವಾಗಿಯಾಗಲಿ ತಿಳಿಸಿದರೆ ಅಂಕ ಕಡಿತಗೊಳಿಸಲಾಗುವುದು' ಎಂದು ನಿಮ್ಮ ಸೂಚನಾಪತ್ರದಲ್ಲಿ ಕೆಂಪು ಅಕ್ಷರದಲ್ಲಿದೆ. ಅದನ್ನು ನಾನು ಎಷ್ಟು ಸಲ ಓದಿದ್ದೇನೆಂದರೆ ಕಣ್ಣು ಮುಚ್ಚಿದರೂ ಕೆಂಪಗೆ ಕಾಣುತ್ತದೆ. ನನಗೆ ಈಗ ನಲವತ್ತೊಂಬತ್ತು. ತೋಫು ಮಾಡುವವನಿಗೂ ಒಂದು ಸ್ಥಾನಮಾನವಿದೆ, ಅದು ಪರೀಕ್ಷಕರ ಮನಸ್ಸನ್ನು ಕೆಡಿಸುವಷ್ಟು ದೊಡ್ಡದಿದೆ ಎಂದು ಈ ವಯಸ್ಸಿನಲ್ಲಿ ಮೊತ್ತಮೊದಲು ಲಿಖಿತವಾಗಿ ಒಪ್ಪಿಕೊಂಡದ್ದು ನಿಮ್ಮ ಶಾಲೆ. ಈ ಗೌರವಕ್ಕೆ ನಾನು ಋಣಿ. ನನ್ನ ಹೆಂಡತಿಗೆ ಇದನ್ನು ಓದಿ ಹೇಳಿದಾಗ ಅವಳು, "ಸ್ಥಾನಮಾನ ಇರೋರು ಆ ಹಂಡೆ ತಿಕ್ಕಿ ಇಡ್ತೀರಾ ಸ್ವಲ್ಪ?" ಅಂದಳು.

ನನ್ನ ಓದು ಎಂಟನೇ ತರಗತಿಯ ನಡುವಿಗೇ ನಿಂತದ್ದು. ನಮ್ಮಪ್ಪನ ಸೊಂಟ ಹಿಡಿದುಕೊಂಡಿತು, ಬೀಸುಕಲ್ಲು ತಿರುಗಿಸಲು ಒಬ್ಬರು ಬೇಕಾಗಿತ್ತು. ಆದ್ದರಿಂದ ಈ ಪತ್ರದಲ್ಲಿ ಎಲ್ಲಾದರೂ ಭಾಷೆ ಚೆನ್ನಾಗಿದ್ದರೆ ಅದು ಮಗಳ ತರಗತಿಯ ಗ್ವಾಕ್ ಮೇಷ್ಟ್ರು ತಿದ್ದಿದ್ದು. ಭಯ ಮಾತ್ರ ಪೂರ್ತಿ ನನ್ನದು.

ಮಗಳ ಹೆಸರು ಸೋರಾ, ಒಂಬತ್ತನೇ ತರಗತಿ. ನಿಮ್ಮ ಶಾಲೆಗೆ ಸೇರಬೇಕೆಂದು ಅವಳು ಹೇಳಿದಾಗ ಎಲ್ಲ ಅಪ್ಪಂದಿರಂತೆ ನಾನೂ ತಯಾರಿ ಮಾಡಿಸಲು ಹೊರಟೆ. ವಸಂತದಲ್ಲಿ ಜಿಲ್ಲಾ ಕೇಂದ್ರದ ಒಂದು ಕೋಚಿಂಗ್ ಕೇಂದ್ರದವರು ಪೋಷಕರ ಸಭೆ ಕರೆದಿದ್ದರು. ಹೋದೆ. ಇನ್ನೂರು ತಾಯಂದಿರು, ಗಂಡಸು ನಾನೊಬ್ಬ. ಪಕ್ಕದಲ್ಲಿ ಕೂತ ಹೆಂಗಸು ಮೆಲ್ಲಗೆ ಕೇಳಿದಳು, "ನಿಮ್ಮ ಮಗೂದು ಎಲ್ಲೀವರೆಗೆ ಆಗಿದೆ?"

"ಒಂಬತ್ತನೇ ಕ್ಲಾಸ್ ಪಾಠ ನಡೀತಾ ಇದೆ."

"ಅಲ್ಲ, ಮುಂದಿನದು ಎಲ್ಲೀವರೆಗೆ ಅಂತ. ನಮ್ಮವನು ಏಳನೇ ಕ್ಲಾಸು. ಹನ್ನೊಂದರ ಗಣಿತ ಎರಡನೇ ಸುತ್ತಲ್ಲಿದಾನೆ."

"ನಮ್ಮವಳು ಒಂಬತ್ತನೇ ಕ್ಲಾಸಲ್ಲಿದಾಳೆ, ಒಂಬತ್ತರದ್ದೇ ಓದ್ತಾಳೆ."

ಆಕೆ ನನ್ನ ತೋಳು ಮುಟ್ಟಿದಳು, ಸಾವಿನ ಮನೆಯಲ್ಲಿ ಮುಟ್ಟುತ್ತಾರಲ್ಲ, ಹಾಗೆ. "ಆರೋಗ್ಯವಾಗಿದಾಳೆ ತಾನೆ? ಅಷ್ಟಿದ್ರೆ ಸಾಕು ಬಿಡಿ."

ಮಾನ್ಯರೇ, ಆ ಸಭೆಯ ಕೊನೆಯ ಒಂದು ಗಂಟೆ ಯಾವ ವಿಷಯಕ್ಕೆ ಮೀಸಲಾಗಿತ್ತು ಗೊತ್ತೆ? ಖಾಸಗಿ ಪಾಠದ ನೆರಳನ್ನೂ ನೀವು ಒಪ್ಪುವುದಿಲ್ಲವಲ್ಲ, ಕೋಚಿಂಗಿಗೆ ಹೋಗಿಯೇ ಇಲ್ಲದವರಂತೆ ಅರ್ಜಿ ಬರೆಯುವುದು ಹೇಗೆ ಎಂಬುದಕ್ಕೆ. ಅದಕ್ಕೂ ಎಂಟು ವಾರದ ಕೋಚಿಂಗ್ ಇದೆ. ನಿಮ್ಮ ನಿಯಮಗಳನ್ನು ಅಷ್ಟು ಶ್ರದ್ಧೆಯಿಂದ ಓದುವವರು ಈ ದೇಶದಲ್ಲಿ ಇನ್ನೊಬ್ಬರಿಲ್ಲ. ಅಂಥವರ ಅರ್ಜಿಗಳು ನಿಮಗೆ ಸ್ವಚ್ಛವಾಗಿ, ಸ್ವಾವಲಂಬಿಯಾಗಿ, ತಂದೆ ತಾಯಿಯ ಸುಳಿವೇ ಇಲ್ಲದೆ, ಮಕ್ಕಳು ತಾವೇ ಮೊಳಕೆಯೊಡೆದು ಬಂದಂತೆ ಕಂಡಿರಬೇಕು.

ನನ್ನ ಮಗಳಿಗೆ ನಾನು ಅದನ್ನು ಕೊಡಿಸಲಿಲ್ಲ. ಅವಳೇ ಬೇಡವೆಂದಳು. ಹಾಗಾದರೆ ಅವಳ ತಯಾರಿ ಹೇಗೆ ನಡೆಯಿತು? ನಾಚಿಕೆ ಬಿಟ್ಟು ಹೇಳುತ್ತೇನೆ. ನಾನು ಎಲ್ಲದಕ್ಕೂ ದಿಗಿಲು ಬೀಳುವ ಮನುಷ್ಯ. ಬಾಗಿಲಿಗೆ ಬೀಗ ಹಾಕಿ ಮೂರು ಸಲ ಹಿಂದಿರುಗಿ ಜಗ್ಗಿ ನೋಡುವವನು. ಮಧ್ಯಾಹ್ನ ಶಾಲೆ ಬಿಟ್ಟು ಬಂದು ಅವಳು ಅಂಗಡಿಯ ಹಲಗೆಯ ಮೇಲೆ ಕೂತು ತಾನು ಕಲಿತದ್ದನ್ನು ನನಗೆ ಹೇಳುತ್ತಿದ್ದಳು. ನಾನು ತೋಫು ಕೊಯ್ಯುತ್ತಾ ಚಿಂತೆ ಮಾಡುತ್ತಿದ್ದೆ.

"ತ್ರಿಕೋನದ ಮೂರು ಕೋನ ಕೂಡಿದ್ರೆ ನೂರ ಎಂಬತ್ತು ಡಿಗ್ರಿ ಅಪ್ಪ."

"ಎಲ್ಲಾ ತ್ರಿಕೋನಕ್ಕೂನಾ?"

"ಎಲ್ಲಾದಕ್ಕೂ."

"ನೀನು ಎಲ್ಲಾ ನೋಡಿದೀಯಾ? ಎಲ್ಲೋ ಒಂದು ತಪ್ಪಿಸ್ಕೊಂಡು ಕೂತಿದ್ರೆ?"

ಅವಳು ಒಂದು ತೋಫುವನ್ನು ಮೂರು ಮೂಲೆಯಾಗಿ ಕೊಯ್ದು, ಮೂಲೆಗಳನ್ನು ಕತ್ತರಿಸಿ ಪಕ್ಕಪಕ್ಕ ಇಟ್ಟಳು. ನೆಟ್ಟಗೆ ಗೆರೆ ಬಂತು. "ಇದೊಂದಕ್ಕೆ ಸರಿಹೋಯ್ತು. ಮಿಕ್ಕವಕ್ಕೆ?" ಅಂದೆ. ಸಿಟ್ಟಾಗಿ ಎದ್ದುಹೋದಳು. ಎರಡು ದಿನ ಬಿಟ್ಟು ಬಂದು, ತುದಿಯಲ್ಲಿ ಒಂದು ಸಮಾನಾಂತರ ಗೆರೆ ಎಳೆದು, ಯಾವ ತ್ರಿಕೋನವೂ ತಪ್ಪಿಸಿಕೊಳ್ಳದ ಹಾಗೆ ಕಟ್ಟಿಹಾಕಿ ತೋರಿಸಿದಳು. ಆಮೇಲೆಯೂ ನಾನು ಸುಮ್ಮನಾಗಲಿಲ್ಲ. ಆ ಗೆರೆ ಸಮಾನಾಂತರ ಅಂತ ಯಾರು ಹೇಳಿದ್ದು ಎಂದು ಕೇಳಿದೆ. ನನ್ನ ಹೆಂಡತಿ ಒಳಗಿನಿಂದ, "ನಿಮ್ಮಪ್ಪನ್ನ ಒಪ್ಪಿಸಿಬಿಟ್ರೆ ಆ ಶಾಲೆಯೋರು ಯಾವ ಲೆಕ್ಕ ಕಣೆ," ಅಂದಳು. ಮೂರು ವರ್ಷ ಹೀಗೇ ನಡೆಯಿತು. ನಾನು ಕಲಿಸಿದ್ದು ಏನೂ ಇಲ್ಲ, ನಂಬದೆ ಇದ್ದೆ ಅಷ್ಟೆ.

ಎರಡು ವರ್ಷದ ಹಿಂದಿನ ಬೇಸಿಗೆಯಲ್ಲಿ ನನ್ನ ತೋಫು ಪುಡಿಪುಡಿಯಾಗತೊಡಗಿತು. ಒಣಮೀನಿನ ಅಂಗಡಿಯ ಅಜ್ಜಿ ವಾಪಸ್ ತಂದು, "ಇದನ್ನ ಚಮಚದಲ್ಲಿ ತಿನ್ಬೇಕೋ, ಪೊರಕೇಲಿ ಗುಡಿಸ್ಬೇಕೋ?" ಎಂದು ಎಲ್ಲರಿಗೂ ಕೇಳುವಂತೆ ಕೇಳಿದಳು. ನಾನು ಕಾಳನ್ನು ಬೈದೆ, ನೀರನ್ನು ಬೈದೆ. ಸೋರಾ ಥರ್ಮಾಮೀಟರ್ ಹಿಡಿದು ನೂರ ಅರವತ್ತು ದಿನ ಹಂಡೆಯ ಪಕ್ಕ ನಿಂತಳು. ಕುದಿಸಿದ ಸೋಯಾ ಹಾಲಿಗೆ ಹೆಪ್ಪುಗಟ್ಟಿಸುವ ಉಪ್ಪಿನ ಕಹಿನೀರು ಬೆರೆಸುವ ಮೊದಲು ನಾನು ಎರಡು ಹಾಡು ಗುನುಗುವಷ್ಟು ಹೊತ್ತು ಕಾಯುತ್ತೇನೆ, ನಮ್ಮಪ್ಪ ಕಲಿಸಿದ್ದು. ಬೇಸಿಗೆಯಲ್ಲಿ ಹಾಲು ನಿಧಾನವಾಗಿ ಆರುತ್ತದೆ, ಎರಡು ಹಾಡಿಗೆ ಅದು ಇನ್ನೂ ಏಳೆಂಟು ಡಿಗ್ರಿ ಹೆಚ್ಚು ಬಿಸಿಯಿರುತ್ತದೆ, ಗಡಿಬಿಡಿಯಲ್ಲಿ ಹೆಪ್ಪುಗಟ್ಟಿ ಒರಟಾಗುತ್ತದೆ ಎಂದು ಅವಳು ಗೆರೆ ಎಳೆದು ತೋರಿಸಿದಳು. "ನಿಮ್ಮ ತಾತ ವರ್ಷವಿಡೀ ಎರಡೇ ಹಾಡು ಹಾಡ್ತಿದ್ರು" ಎಂದೆ. "ತಾತನ ಕಾಲದಲ್ಲಿ ಈ ತಗಡಿನ ಛಾವಣಿ ಇರ್ಲಿಲ್ಲ ಅಪ್ಪ. ಇನ್ನೊಂದು ಹಾಡು ಸೇರಿಸು," ಅಂದಳು. ಸೇರಿಸಿದೆ. ತೋಫು ಪುಡಿಯಾಗದೆ ನಿಂತಿತು.

ಇದನ್ನೇ ಅವಳು ಅರ್ಜಿಯ 'ನನ್ನ ಬಗ್ಗೆ' ಪುಟದಲ್ಲಿ ಬರೆದಳು. ಗ್ವಾಕ್ ಮೇಷ್ಟ್ರು ಓದಿ ತಲೆ ಹಿಡಿದುಕೊಂಡರು. 'ನಮ್ಮಪ್ಪ' ಹೋಯಿತು. 'ಅಂಗಡಿ' ಹೋಯಿತು. 'ತಾತ' ಹೋದರು, ಎರಡು ತಲೆಮಾರು ಎಂದರೆ ಕುಲಕಸುಬಿನ ಸುಳಿವಂತೆ. ಹಾಡುಗಳೂ ಹೋದವು. ಕೊನೆಗೆ ಉಳಿದದ್ದು: 'ನನಗೆ ಪರಿಚಯದ ಒಬ್ಬ ವ್ಯಕ್ತಿಯ ಬಳಿ ದೊರೆತ ದೊಡ್ಡ ಪ್ರಮಾಣದ ಸೋಯಾ ದ್ರಾವಣದ ಮೇಲೆ ನೂರ ಅರವತ್ತು ದಿನ ಅವಲೋಕನ ನಡೆಸಿದೆ.' ಆ ಪರಿಚಯದ ವ್ಯಕ್ತಿ ಎದುರಿಗೇ ಕೂತು ಮೇಷ್ಟ್ರಿಗೆ ಬಾರ್ಲಿ ಚಹಾ ಬಗ್ಗಿಸಿಕೊಡುತ್ತಿದ್ದ.

ನಿಮ್ಮ ಕಚೇರಿಯ ಇಬ್ಬರು ಅಧಿಕಾರಿಗಳು ಮೊದಲ ಹಂತದ ಪ್ರಶ್ನೆ ಕೇಳಲು ಮಗಳ ಶಾಲೆಗೆ ಬಂದ ದಿನ ನನ್ನ ಹೆಂಡತಿಯ ಹುಟ್ಟುಹಬ್ಬ. ನಮ್ಮಲ್ಲಿ ಹುಟ್ಟುಹಬ್ಬಕ್ಕೆ ಕಡಲಪಾಚಿಯ ಸಾರು ಆಗಲೇಬೇಕು. ಆದರೆ ಅದು ಜಾರುವ ಪದಾರ್ಥ, ಪರೀಕ್ಷೆಯ ದಿನ ಉಂಡವರು ಪರೀಕ್ಷೆಯಲ್ಲೂ ಜಾರಿಬೀಳುತ್ತಾರೆಂದು ನಾನು ಒಲೆ ಹಚ್ಚಲು ಬಿಡಲಿಲ್ಲ. "ಹುಟ್ಟಿದ್ದು ನಾನು, ಜಾರೋದು ಅವಳು ಹೇಗೆ?" ಎಂದು ಹೆಂಡತಿ ಕೇಳಿದಳು. ಸಾರು ಮಾಡಲಿಲ್ಲ. ಆದರೂ ಜಾರಿದ್ದಾಯಿತು. ಆ ಕೋಣೆಯಲ್ಲಿ ನಡೆದದ್ದನ್ನು ಅಲ್ಲೇ ಕೂತಿದ್ದ ಗ್ವಾಕ್ ಮೇಷ್ಟ್ರು ನನಗೆ ಹೇಳಿದ್ದಾರೆ.

ನಿಮ್ಮವರು ಕೇಳಿದರು, "ದಿನಾ ಒಂದು ಹಂಡೆ ಸೋಯಾ ಹಾಲು ನಿನಗೆ ಎಲ್ಲಿ ಸಿಗ್ತಿತ್ತು? ಯಾವುದಾದ್ರೂ ಕೋಚಿಂಗ್ ಸೆಂಟರಿನ ಲ್ಯಾಬಾ?"

"ಅಲ್ಲ ಸರ್. ಪರಿಚಯದವರೊಬ್ಬರ ಹತ್ರ."

"ಯಾರು ಅವರು?"

"ಹೇಳೋ ಹಾಗಿಲ್ಲ ಸರ್."

"ಅವರು ನಿನ್ನ ಓದಿನಲ್ಲಿ ಸಹಾಯ ಮಾಡ್ತಾರಾ?"

"ಪ್ರಶ್ನೆ ಕೇಳ್ತಾರೆ. ದಿನಾ ಕೇಳ್ತಾರೆ."

"ಎಷ್ಟು ದಿನದ ಪರಿಚಯ?"

ಸೋರಾ ಸ್ವಲ್ಪ ಯೋಚಿಸಿ, "ಹುಟ್ಟಿದಾಗಿಂದ," ಅಂದಳಂತೆ.

ನಿಮ್ಮವರು ಬರೆದುಕೊಂಡದ್ದು: 'ದೀರ್ಘಕಾಲದ ಖಾಸಗಿ ಬೋಧಕರಿರುವ ಶಂಕೆ.' ಮಾನ್ಯರೇ, ದೇಶದ ಅತಿ ಬುದ್ಧಿವಂತ ಮಕ್ಕಳನ್ನು ಆರಿಸುವ ಜವಾಬ್ದಾರಿ ಹೊತ್ತವರಿಗೆ ಈ ಒಗಟು ಬಿಡಿಸಲಾಗಲಿಲ್ಲವೆ?

ಫೋನಿನಲ್ಲಿ ಬಿಡಿಸಿ ಹೇಳೋಣವೆಂದು ನೋಡಿದೆ. ನಿಮ್ಮ ಕಚೇರಿಯ ಹುಡುಗಿ ಬಹಳ ಸೌಮ್ಯವಾಗಿ ಮಾತಾಡಿದಳು.

"ನಾನು ಸೋರಾಳ ಅಪ್ಪ ಮಾತಾಡ್ತಾ ಇರೋದು. ಆ ಹಾಲು ನಂದೇ. ನಾನು ಸಂತೇಲಿ..."

"ಸರ್, ದಯವಿಟ್ಟು ಕೆಲಸ ಏನು ಅಂತ ಹೇಳ್ಬೇಡಿ. ಈ ಕರೆ ರೆಕಾರ್ಡ್ ಆಗುತ್ತೆ, ನಿಮ್ಮ ಮಗಳಿಗೇ ತೊಂದರೆ."

"ಹೇಳದೆ ಹೇಗಮ್ಮ ವಿವರಿಸೋದು?"

"ಹೇಳದೆ ವಿವರಿಸಿ ಸರ್."

"ನನ್ನ ಹತ್ರ ಒಂದು ಹಂಡೆ ಇದೆ."

"ಸರ್, ಹಂಡೆ ಕೂಡ ಬೇಡ."

ಎರಡನೇ ದಿನ ಮತ್ತೆ ಮಾಡಿದೆ. ಲಿಖಿತವಾಗಿ ಕೊಡಿ, ಆದರೆ ಅದರಲ್ಲೂ ಕೆಲಸದ ಹೆಸರಿರಕೂಡದು ಎಂದಳು.

ನಿಮ್ಮ ನಿಯಮ ಯಾಕೆ ಬಂತೆಂದು ನನಗೆ ಗೊತ್ತಿಲ್ಲದೆ ಇಲ್ಲ. ಪ್ರೊಫೆಸರರ ಮಗ ಅಪ್ಪನ ಪ್ರಯೋಗಾಲಯದ ಮಾತೆತ್ತಿ ನಿಮ್ಮನ್ನು ಬೆರಗುಗೊಳಿಸದಿರಲೆಂದು, ಮೀನಿನವಳ ಮಗಳು ಅವನ ಪಕ್ಕದಲ್ಲಿ ಕುಗ್ಗದಿರಲೆಂದು ಬಂತು. ಒಳ್ಳೆಯ ನಿಯಮ. ನನ್ನಂಥವರಿಗಾಗಿಯೇ ಮಾಡಿದ್ದು. ಆದರೆ ಪ್ರೊಫೆಸರರ ಮಗ 'ಪ್ರಯೋಗಾಲಯ' ಎಂಬ ಪದ ಬಿಟ್ಟರೂ ಅವನ ಬಳಿ ಪ್ರಯೋಗಾಲಯ ಉಳಿಯುತ್ತದೆ. ನನ್ನ ಮಗಳಿಂದ ಹಂಡೆ ಕಿತ್ತುಕೊಂಡರೆ ಅವಳ ವಿಜ್ಞಾನವೇ ಖಾಲಿ, ಯಾಕೆಂದರೆ ಅದು ಹುಟ್ಟಿದ್ದೇ ಹಂಡೆಯಲ್ಲಿ. ನಮ್ಮ ರಕ್ಷಣೆಗೆಂದು ನೀವು ಕಟ್ಟಿದ ಗೋಡೆ ಎಷ್ಟು ಗಟ್ಟಿಯಾಗಿದೆಯೆಂದರೆ ನಮಗೇ ಒಳಗೆ ಬರಲಾಗುತ್ತಿಲ್ಲ.

ಇದನ್ನು ಅಚ್ಚಿಗೆ ಕೊಡುವ ಮೊದಲು ಸೋರಾಳ ಮುಂದಿಟ್ಟೆ. ಪ್ರಕಟವಾದರೆ ನಿಯಮ ಮುರಿದಂತೆ, ಇರುವ ಅವಕಾಶವೂ ಹೋಗಬಹುದು, ಬೇಡವೆಂದರೆ ಹರಿದು ಹಾಕುತ್ತೇನೆ ಎಂದೆ. ಅವಳು ಪೆನ್ಸಿಲ್ ಹಿಡಿದು ಪೂರ್ತಿ ಓದಿದಳು. "ಎರಡು ಕಡೆ ನಿನ್ನ ವಾದ ಸಾಬೀತಾಗಿಲ್ಲ," ಅಂದಳು. ಆ ಎರಡು ಕಡೆ ತೆಗೆದಿದ್ದೇನೆ. ಆಮೇಲೆ, "ಕೊಡು ಅಪ್ಪ. ಅಂಕ ಹೋದ್ರೆ ಹೋಗ್ಲಿ. ಅಲ್ಲಿ ಕೂತು ನಿನ್ನನ್ನ ಪರಿಚಯದವರು ಅಂತ ಹೇಳೋದು ಇನ್ನೊಂದು ಸಲ ನನ್ ಕೈಲಿ ಆಗಲ್ಲ," ಅಂದಳು. ನಾನು ಹೊರಗೆ ಹೋಗಿ, ಇಲ್ಲದ ಕೆಲಸ ಮಾಡಿಕೊಂಡು ಸ್ವಲ್ಪ ಹೊತ್ತು ನಿಂತು ಬಂದೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ನವೆಂಬರಿನ ಸಂದರ್ಶನಕ್ಕೆ ಅವಳನ್ನು ಕರೆಯಿರಿ. ನಿಮ್ಮಲ್ಲಿರುವ ಅತಿ ಕಷ್ಟದ ಲೆಕ್ಕವನ್ನೇ ಕೊಡಿ, ದಯೆ ಬೇಡ. ಬಿಡಿಸಲು ಬಾರದಿದ್ದರೆ ವಾಪಸ್ ಕಳಿಸಿ. ಅದನ್ನು ನಾವು ತಡೆದುಕೊಳ್ಳುತ್ತೇವೆ: ಅವಳು ಒಂದು ದಿನ, ನಾನು ಒಂದೆರಡು ವರ್ಷ. ಅವಳಿಗೆ ಗೊತ್ತಿಲ್ಲದ್ದಕ್ಕೆ ಬೇಕಾದರೆ ಹೊರಗಿಡಿ. ಆದರೆ ನೀವೇ ಹೇಳಬೇಡವೆಂದದ್ದನ್ನು ಅವಳು ಹೇಳಲಿಲ್ಲವೆಂದು ಹೊರಗಿಡಬೇಡಿ. ಶಂಕೆ ಇನ್ನೂ ತೀರದಿದ್ದರೆ ಯಾರನ್ನಾದರೂ ಸಂತೆಗೆ ಕಳಿಸಿ. ಬರುವವರು ಹಾಲು ಆರುವವರೆಗೆ ಕಾಯಬೇಕಾಗುತ್ತದೆ.

ಇಂತಿ,
ಉತ್ತರ ಬರುವವರೆಗೆ ಅಂಚೆಯವನನ್ನು ದಿನಕ್ಕೆ ಮೂರು ಸಲ ಕೇಳಲಿರುವ,
ಸೋರಾಳ ಅಪ್ಪ,
ತಾಕ್ ಮನ್‌ಸಿಕ್